ಒಂದೇ ಒಂದು ಉಳಿಸು

ಸರ್ ತೀರಿಕೊಂಡ ಸುದ್ದಿ ನನಗೆ ವಾಟ್ಸಾಪಿನಲ್ಲಿ ಬಂತು. ನಮ್ಮ ಭಾನುವಾರದ ಫೋಟೋ ನಡಿಗೆಯ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಅದರ ಕೆಳಗೆ ಎಲ್ಲರೂ ಸಾಲಾಗಿ ಕೈ ಮುಗಿದಿದ್ದರು, ನಾನೂ ಮುಗಿದೆ. ಮುಗಿದು, ಹರಿಹರದ ನನ್ನ ಸ್ಟುಡಿಯೋದ ಶಟರ್ ಎತ್ತಿ, ಕಸ ಹೊಡೆದು, ಎದುರಿನ ಹೋಟೆಲಿನಿಂದ ಚಾ ತರಿಸಿ ಕುಡಿದೆ. ಚಾ ಚೆನ್ನಾಗಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಆ ಮನುಷ್ಯ ಬದುಕಿದ್ದವರ ಬಗ್ಗೆ ಒಂದು ದಿನ ಒಳ್ಳೇದು ಆಡಿದ್ದರೆ ನಾನೂ ಈಗ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ದಾವಣಗೆರೆಯ ಹಳೇ ಊರಿನ ಒಂದು ಗಲ್ಲಿಯಲ್ಲಿ ಅವರ ಸ್ಟುಡಿಯೋ. ಎತ್ತರದ ಆಳು, ಒಣಗಿದ ಮೈ, ಬಿಳಿ ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ಬಾಯಲ್ಲಿ ಲವಂಗ. ದನಿ ಏರಿಸಿ ಮಾತಾಡಿದ್ದು ನಾನು ಕೇಳಿಲ್ಲ. ಬಯ್ಯುವಾಗಲೂ ಮೆತ್ತಗೆ, ಆದರೆ ಪಕ್ಕದಲ್ಲಿ ನಿಂತವನಿಗೂ ಕೇಳುವ ಹಾಗೆ ಬಯ್ಯೋರು. ಬೆನ್ನ ಹಿಂದೆ ನಾವೆಲ್ಲ ಅವರಿಗೆ 'ಡಿಲೀಟ್ ಸರ್' ಅಂತಿದ್ದೆವು. ಎದುರಿಗೆ ಬರೀ ಸರ್.

ಡಿಲೀಟ್ ಯಾಕೆ ಅಂದರೆ ಅವರದೊಂದು ಪದ್ಧತಿ ಇತ್ತು. ಭಾನುವಾರ ಬೆಳಿಗ್ಗೆ ಐದಾರು ಜನರನ್ನು ಕರಕೊಂಡು ಹರಿಹರಕ್ಕೆ ಬರೋರು. ತುಂಗಭದ್ರೆಯ ಮರಳ ಮೇಲೆ ಎರಡು ತಾಸು ನಡೆಸೋರು. ಬಟ್ಟೆ ಒಗೆಯೋರು, ಎಮ್ಮೆ ಮೈ ತೊಳೆಯೋರು, ನೀರಿಗೆ ಇಳಿದು ಸೂರ್ಯನಿಗೆ ಕೈ ಮುಗಿಯೋರು, ಎಲ್ಲರನ್ನೂ ನಾವು ತೆಗೆಯುತ್ತಿದ್ದೆವು. ನಡಿಗೆ ಮುಗಿದ ಮೇಲೆ ಸರ್ ಹೆಗಲಿನ ಟವೆಲ್ಲು ಮರಳ ಮೇಲೆ ಹಾಸೋರು. ನಮ್ಮ ಕ್ಯಾಮೆರಾಗಳನ್ನು ಅದರ ಮೇಲೆ ಸಾಲಾಗಿ ಇಡಬೇಕು. ಅವರು ಒಂದೊಂದನ್ನೇ ಎತ್ತಿಕೊಂಡು, ಲವಂಗ ಕಡಿಯುತ್ತಾ, ಫೋಟೋ ನೋಡುತ್ತಾ ಅಳಿಸುತ್ತಾ ಹೋಗೋರು. ಒಬ್ಬರಿಗೆ ಒಂದು ನಡಿಗೆಗೆ ಒಂದೇ ಫೋಟೋ. ಉಳಿದದ್ದೆಲ್ಲ ಹೋಗಬೇಕು. "ಎಲ್ಲಾ ಇಟ್ಗಂಡ್ರೆ ಅದು ಫೋಟೋ ಅಲ್ಲ, ಗುಜರಿ. ಒಂದೇ ಒಂದು ಉಳಿಸು" ಅನ್ನೋರು. ಎಷ್ಟೋ ಸಲ ಆ ಒಂದೂ ಉಳಿಯುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡೋ ಒಬ್ಬರು ಹೊಸ ಕ್ಯಾಮೆರಾ ತಂದಿದ್ದರು. ಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೆ ಕ್ಯಾಮೆರಾ. ಪಾಪ, ಯಾರ ಕೈಗೆ ಸಿಕ್ತು ನೋಡು" ಅಂದು ಎಲ್ಲವನ್ನೂ ಅಳಿಸಿಬಿಟ್ಟರು. ಆ ಯಪ್ಪ ನಗುತ್ತಾ ಇಸಕೊಂಡರು. ಮುಂದಿನ ಭಾನುವಾರ ಬರಲಿಲ್ಲ. ನಿವೃತ್ತ ಟೀಚರಮ್ಮ ಒಬ್ಬರು ಮೊಮ್ಮಗಳ ಫೋಟೋ ತೋರಿಸಿದಾಗ, "ಮಗು ಚೆನ್ನಾಗೈತೆ. ಫೋಟೋ ಚೆನ್ನಾಗಿಲ್ಲ. ನಿಮಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗ್ತಿಲ್ಲ" ಅಂದರು. ಅವರು ಹೊಳೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ನಾವು ಉಳಿದವರು ಏನು ಮಾಡಿದೆವು ಗೊತ್ತೇನ್ರಿ? ನಕ್ಕೆವು. ಇನ್ನೊಬ್ಬರ ಫೋಟೋ ಅಳಿಸುವಾಗ ನಗೋದು ಬಲು ಸುಲಭ.

ಅವರ ಹೊಟ್ಟೆಪಾಡು ಮಾತ್ರ ಬೇರೆ. ನಮ್ಮ ಕಡೆ ಯಾರಾದರೂ ಹೋದರೆ ಹನ್ನೊಂದನೇ ದಿನಕ್ಕೆ ಹಾರ ಹಾಕೋಕೆ ಒಂದು ಫ್ರೇಮ್ ಬೇಕು. ಎಷ್ಟೋ ಮನೆಗಳಲ್ಲಿ ಸತ್ತವರದು ಒಂದು ನೆಟ್ಟಗಿನ ಫೋಟೋ ಇರಲ್ಲ. ಯಾವುದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಲ್ಲಿ ನಿಂತಿರುತ್ತಾರೆ. ಅದನ್ನು ಹಿಡಕೊಂಡು ಬರುತ್ತಾರೆ. ಸರ್ ಆ ತಲೆಯನ್ನು ಕತ್ತರಿಸಿ, ಗಂಡಸಾದರೆ ರೇಷ್ಮೆ ಶಲ್ಯ ಹೊದ್ದ ಒಂದು ಮೈಗೆ, ಹೆಂಗಸಾದರೆ ರೇಷ್ಮೆ ಸೀರೆ ಉಟ್ಟ ಒಂದು ಮೈಗೆ ಅಂಟಿಸೋರು. ಕಂಪ್ಯೂಟರಿನಲ್ಲಿ ಎರಡೇ ಮೈ ಇದ್ದವು. ದಾವಣಗೆರೆಯ ಅರ್ಧ ಊರು ಸತ್ತ ಮೇಲೆ ಆ ಎರಡು ಮೈಯಲ್ಲೇ ಗೋಡೆ ಮೇಲೆ ಕೂತಿದೆ. ಅಳುತ್ತಾ ಬಂದ ಮಗನಿಗೆ ಸರ್ ಕೇಳೋರು, "ಇದ್ದಾಗ ಒಂದು ಫೋಟೋ ತೆಗಸಾಕೆ ಆಗ್ಲಿಲ್ಲೇನು? ಈಗ ಕರಕಂಡು ಬಂದೀರಿ."

ಇಷ್ಟು ಕೆಟ್ಟವರ ಹಿಂದೆ ಯಾಕೆ ತಿರುಗಿದಿರಿ ಅಂತ ಕೇಳಬಹುದು. ಅವರು ತೆಗೆದ ಫೋಟೋ ನೋಡಿದ್ದರೆ ನೀವೂ ತಿರುಗುತ್ತಿದ್ದಿರಿ. ನಾನಾಗ ಪಿ.ಬಿ. ರೋಡಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೆ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ದಿನವಿಡೀ ಅದೇ. ಸರ್ ವರ್ಷಕ್ಕೊಂದು ಪ್ರದರ್ಶನ ಮಾಡೋರು. ನಡಿಗೆಯಲ್ಲಿ ಉಳಿದ ಫೋಟೋಗಳಲ್ಲಿ ಕೆಲವನ್ನು ದೊಡ್ಡದು ಮಾಡಿ ತೂಗುಹಾಕೋರು. ಯಾರದು ಗೋಡೆಗೆ ಏರಿತೋ ಅವನ ಬೆನ್ನ ಮೇಲೆ ಕೈ ಇಟ್ಟು, "ಇವನು ಫೋಟೋಗ್ರಾಫರ್" ಅಂತ ಬಂದವರಿಗೆ ತೋರಿಸೋರು. ಆ ಕೈ ನನ್ನ ಬೆನ್ನ ಮೇಲೆ ಬೀಳಬೇಕಿತ್ತು. ಮೂರು ವರ್ಷ ಕಾದಿದ್ದೆ, ಬಿದ್ದಿರಲಿಲ್ಲ. ಹಸಿವು ಅಂದರೆ ಅದು ಕಣ್ರಿ.

ಆ ವರ್ಷ ಸರ್ ನಮ್ಮನ್ನು ಸಮುದ್ರಕ್ಕೆ ಕರಕೊಂಡು ಹೋದರು. ಒಂದು ಟೆಂಪೋ ಮಾಡಿದ್ದೆವು. ಊಟಕ್ಕೆ ಯಾವಾಗಲೂ ಸರ್ ಹೆಂಡತಿ ಬುತ್ತಿ ಕಟ್ಟಿ ಕೊಡೋರು, ಅವತ್ತು ಅವರಿಗೆ ಮೈಯಲ್ಲಿ ಹುಷಾರಿರಲಿಲ್ಲ. "ರೊಟ್ಟಿ ಮಾಡ್ಕಂಡು ಜೊತಿಗೆ ಬರೋರು ಯಾರಾದ್ರೂ ಗೊತ್ತೇನು?" ಅಂತ ಸರ್ ಕೇಳಿದರು. ನಾನು, "ಶಾಮನೂರಾಗ ನಮ್ಮ ಮನೆ ಕಡೆ ಒಬ್ರು ಅದಾರೆ ಸರ್" ಅಂದೆ.

ಆ ಒಬ್ಬರು ನಮ್ಮವ್ವ. ಖಾನಾವಳಿಗಳಿಗೆ ರೊಟ್ಟಿ ಬಡಿದು ನನ್ನನ್ನು ಸಾಕಿದಾಕೆ. ನಮ್ಮವ್ವ ಅಂತ ಹೇಳೋಕೆ ನನಗೆ ನಾಚಿಕೆ ಆಯಿತು. ಸುಳ್ಳು ಹೇಳಿ ಏನು ಪ್ರಯೋಜನ, ನಾಚಿಕೆಯೇ ಆಯಿತು. ಗುಂಪಿನಲ್ಲಿ ಡಾಕ್ಟರಿದ್ದರು, ಇಂಜಿನಿಯರಿದ್ದರು, ರೈಸ್ ಮಿಲ್ಲಿನವರಿದ್ದರು. ಮನೆಗೆ ಬಂದು ಅವ್ವನಿಗೆ ಹೇಳಿದೆ, ಬರೋದಾದರೆ ಅಡಿಗೆಯವಳಾಗಿ ಬಾ, ನನ್ನ ಮಗ ಅಂತ ಅಲ್ಲಿ ಯಾರಿಗೂ ಹೇಳಬ್ಯಾಡ. ಅವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹೇಳಬ್ಯಾಡ ಅಂದ್ರೆ ಹೇಳಲ್ಲ ಬಿಡು. ನನಗೆ ಸಮುದ್ರ ನೋಡಿದ್ರೆ ಸಾಕು" ಅಂದಳು.

ಬೆಳಗಿನ ಜಾವ ಹೊರಟೆವು. ಅವ್ವ ಹಿಂದಿನ ಸೀಟಲ್ಲಿ ರೊಟ್ಟಿ ಬುಟ್ಟಿ, ಎಣ್ಣೆಗಾಯಿ ಡಬರಿ ಹಿಡಕೊಂಡು ಕೂತಿದ್ದಳು. ದಾರಿಯಲ್ಲಿ ತಿಂಡಿಗೆ ಇಳಿದಾಗ ನನ್ನ ತಟ್ಟೆಗೆ ಬಡಿಸುತ್ತಾ ಅಂದಳು, "ಇನ್ನೊಂದು ಹಾಕ್ಕಳ್ರಿ ಸರ್, ಯಾಕ್ರಿ, ರೊಟ್ಟಿ ಸೇರಲ್ಲೇನ್ರಿ?" ಹಡೆದವಳು ನನ್ನನ್ನು ರೀ ಅಂದಿದ್ದು ಅವತ್ತೇ ಮೊದಲು. ಆಟ ಆಡುವ ಹುಡುಗಿಯ ಹಾಗೆ ಅವಳ ಕಣ್ಣು ಹೊಳೆಯುತ್ತಿತ್ತು. ನಾನು, "ಸಾಕು" ಅಂತ ತಟ್ಟೆ ಎಳಕೊಂಡೆ.

ಹೊನ್ನಾವರ ದಾಟಿ ಸಮುದ್ರದ ದಂಡೆಗೆ ಹೋದಾಗ ಮೋಡ ಕವಿದಿತ್ತು. ನೀರೂ ಆಕಾಶವೂ ಒಂದೇ ಬೂದಿ ಬಣ್ಣ. ಗಾಳಿ ಅಂದರೆ ಗಾಳಿ, ನಿಂತಲ್ಲಿ ನಿಲ್ಲೋಕೆ ಬಿಡುತ್ತಿರಲಿಲ್ಲ. ಇಂಜಿನಿಯರ ಟ್ರೈಪಾಡ್ ಮಕಾಡೆ ಬಿತ್ತು. ಮರಳು ಲೆನ್ಸಿಗೆ ಬಡಿಯುತ್ತಿತ್ತು, ಹಲ್ಲಿಗೆ ಸಿಗುತ್ತಿತ್ತು. ಎಲ್ಲರ ಮುಖ ಬಾಡಿತು. ಸರ್ ಒಬ್ಬರೇ ಖುಷಿಯಾಗಿದ್ದರು. "ಬಿಸಿಲಿದ್ರೆ ಕತ್ತೆನೂ ಫೋಟೋ ತೆಗಿತೈತೆ. ಇವತ್ತು ಗೊತ್ತಾಗ್ತೈತೆ ಯಾರು ಏನು ಅಂತ. ನಡೀರಿ" ಅಂದರು.

ನಡೆದೆವು. ಒಬ್ಬರ ಹಿಂದೆ ಒಬ್ಬರು, ಕ್ಯಾಮೆರಾವನ್ನು ಅಂಗಿಯೊಳಗೆ ಇಟ್ಟುಕೊಂಡು. ಸರ್ ಮುಂದೆ ಮುಂದೆ ಹೋಗುತ್ತಾ, ಒದ್ದೆ ಮರಳಲ್ಲಿ ಏಡಿ ಓಡಿದ ಗೆರೆ ತೋರಿಸಿದರು, ದಡಕ್ಕೆ ಎಳೆದ ದೋಣಿಯ ಹೊಟ್ಟೆ ಮೇಲಿನ ಬಣ್ಣ ತೋರಿಸಿದರು. "ನೆರಳಿಲ್ಲ ಅಂತ ಅಳಬ್ಯಾಡ್ರಿ. ನೆರಳಿಲ್ಲದಾಗ ಬಣ್ಣ ಬಾಯಿ ಬಿಡ್ತೈತೆ." ಆ ಮಾತು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತೆ. ಅದೇ ಸಂಕಟ. ಕಲಿಸಿದ್ದೆಲ್ಲ ಖರೆ ಇತ್ತು.

ಎಲ್ಲರೂ ಮುಂದೆ ಹೋದ ಮೇಲೆ ನಾನು ಹಿಂದೆ ಉಳಿದೆ. ಅವ್ವ ಒಂದು ದೋಣಿಯ ಮರೆಯಲ್ಲಿ ಡಬರಿಯ ಮುಚ್ಚಳ ಹಾರದಂತೆ ಕಲ್ಲು ಹೇರುತ್ತಿದ್ದಳು. "ಅವ್ವಾ, ಬಾ, ಯಾರೂ ಇಲ್ಲ" ಅಂದೆ. ಅವಳು ಸೀರೆ ಎತ್ತಿ ಹಿಡಿದು ನೀರಿಗೆ ಇಳಿದಳು. ತೆರೆ ಬಂದು ಮೊಣಕಾಲಿಗೆ ಹೊಡೆಯಿತು. "ಎಲಾ ಇದರ!" ಅಂತ ಕೂಗಿದಳು, ನಕ್ಕಳು. ನಮ್ಮವ್ವನಿಗೆ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಅದಕ್ಕೇ ನಗುವಾಗ ಯಾವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯೋಳು, ಕ್ಯಾಮೆರಾ ಕಂಡರಂತೂ ಮುಖ ತಿರುಗಿಸೋಳು. ಅವತ್ತು ಎರಡೂ ಕೈಯಲ್ಲಿ ಸೀರೆ ಹಿಡಿದಿದ್ದಳು. ಹಸಿರು ಸೆರಗು ಗಾಳಿಗೆ ಬಿಚ್ಚಿ ಹಾರುತ್ತಿತ್ತು, ಹಿಂದೆ ಬೂದಿ ಸಮುದ್ರ, ಬಾಯಿ ತುಂಬ ನಗು, ಮುರಿದ ಹಲ್ಲು. ಒತ್ತಿದೆ. ಒತ್ತಿದ ಕೂಡಲೇ ಗೊತ್ತಾಯಿತು, ನನ್ನ ಜನ್ಮದಲ್ಲಿ ಇಂಥದ್ದು ಇನ್ನೊಂದು ಸಿಗಲ್ಲ.

ಸ್ವಲ್ಪ ಹೊತ್ತಿಗೆ ಸರ್ ತಿರುಗಿ ಬರುತ್ತಿದ್ದವರು ದಾರಿಯಲ್ಲೇ ನಿಂತರು. ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ಅಂಗಿ ಉಬ್ಬಿತ್ತು, ಟವೆಲ್ಲು ಹಿಂದಕ್ಕೆ ಹಾರುತ್ತಿತ್ತು. ಇಡೀ ಆಯುಷ್ಯ ಕಣ್ಣು ತೆರೀರಿ ಅಂತ ಬಯ್ದ ಮನುಷ್ಯ ಕಣ್ಣು ಮುಚ್ಚಿದ್ದರು. ಅವರೂ ಯಾರಿಗೂ ತಮ್ಮ ಫೋಟೋ ತೆಗೆಯೋಕೆ ಬಿಡುತ್ತಿರಲಿಲ್ಲ. ನಾನು ಅದನ್ನೂ ಒತ್ತಿದೆ.

ಆಮೇಲೆ ಗಾಳಿಮರದ ಕೆಳಗೆ ಟವೆಲ್ಲು ಹಾಸಿದರು, ನಾಲ್ಕು ಮೂಲೆಗೆ ಕಲ್ಲಿಟ್ಟು. ಡಾಕ್ಟರದು ಎಲ್ಲಾ ಹೋಯಿತು. ಇಂಜಿನಿಯರದು ಒಂದು ಉಳಿಯಿತು. ನನ್ನ ಸರದಿ ಬಂತು. ಅಳಿಸುತ್ತಾ ಅಳಿಸುತ್ತಾ ಬಂದು ಕೊನೆಗೆ ಎರಡು ಉಳಿಸಿದರು. ತಮ್ಮ ಫೋಟೋವನ್ನು ಮೊದಲು ನೋಡಿದರು. ಆಮೇಲೆ ಅವ್ವನದು. ಅದನ್ನು ಬಹಳ ಹೊತ್ತು ನೋಡಿದರು. ಅವ್ವ ಅಲ್ಲೇ ನಾಲ್ಕು ಮಾರು ದೂರದಲ್ಲಿ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದಳು.

"ಇದ್ಯಾರು?" ಅಂದರು.

"ಅಡಿಗೆಯೋರು ಸರ್."

"ಅದು ನನಗೂ ಕಾಣ್ತೈತೆ. ಯಾರು ಅಂತ ಕೇಳ್ದೆ."

"ಅಡಿಗೆಯೋರೇ ಸರ್. ಸುಮ್ನೆ, ಬೆಳಕು ನೋಡಾಕೆ ತೆಗ್ದಿದ್ದು."

ಸರ್ ನನ್ನ ಮುಖ ನೋಡಿದರು. ಅವ್ವನ ಮುಖ ನೋಡಿದರು. ಮತ್ತೆ ನನ್ನದು ನೋಡಿದರು. ಲವಂಗ ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡು ಕ್ಯಾಮೆರಾ ನನ್ನ ಕೈಗೆ ಕೊಟ್ಟರು. "ಎರಡು ಅದಾವೆ. ಒಂದೇ ಒಂದು ಉಳಿಸು. ಇವತ್ತು ನಾನು ಒತ್ತಲ್ಲ, ನೀನೇ ಒತ್ತು."

ಅಲ್ಲಿಯವರೆಗೆ ಯಾರಿಗೂ ಹಾಗೆ ಕೊಟ್ಟವರಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಗೋಡೆ ಕಾಣುತ್ತಿತ್ತು, ಬೆನ್ನ ಮೇಲಿನ ಕೈ ಕಾಣುತ್ತಿತ್ತು. ಸರ್ ಫೋಟೋ ಅಳಿಸಿ ಅಡಿಗೆಯವಳದನ್ನು ಇಟ್ಟುಕೊಂಡರೆ ಯಾಕೆ ಅಂತ ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತೆ.

ಅಷ್ಟರಲ್ಲಿ ಅವ್ವನೇ ನನಗೆ ಅಂದಳು, "ನಂದೇನು ಫೋಟೋ, ಒತ್ತಿಬಿಡ್ರಿ ಸರ್. ಸಾಹೇಬ್ರದು ಇಟ್ಗಳ್ರಿ." ಹಾಗಂತ ನಕ್ಕಳು. ಕೈ ಬಾಯಿಗೆ ಅಡ್ಡ ಬಂದಿತ್ತು.

ಒತ್ತಿದೆ. ಅಳಿಸಲೇ ಅಂತ ಕ್ಯಾಮೆರಾ ಇನ್ನೊಂದು ಸಲ ಕೇಳಿತು. ಹೌದು ಅಂತ ಒತ್ತಿದೆ.

ಸರ್ ತಲೆಯಾಡಿಸಿದರು. ಉಳಿದ ಫೋಟೋವನ್ನು ಮತ್ತೊಮ್ಮೆ ನೋಡಿ, "ಈ ಕಡೆ ಅಂಚಿನಾಗ ಒಂದು ಹಸಿರು ಸೆರಗು ಬಂದೈತೆ. ಅದನ್ನ ಕ್ರಾಪ್ ಮಾಡು, ಕಣ್ಣಿಗೆ ಚುಚ್ತೈತೆ" ಅಂದರು. ಅವ್ವ ದೋಣಿಯ ಕಡೆ ವಾಪಸ್ ಹೋಗುವಾಗ ಅವಳ ಸೆರಗಿನ ತುದಿ ಫ್ರೇಮಿಗೆ ಬಂದಿತ್ತು. ಆಮೇಲೆ ಸರ್ ಊಟಕ್ಕೆ ಕೂತು ಮೂರು ರೊಟ್ಟಿ ತಿಂದರು. "ರೊಟ್ಟಿ ಚೆನ್ನಾಗೈತವ್ವಾ" ಅಂದರು. ನಡಿಗೆಯಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಹೊಗಳಿಕೆ ಅದೊಂದೇ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಅವ್ವ ಬಗ್ಗಿ ನೋಡಿದಳು. "ಅಗಾ, ನನ್ನ ಸೆರಗು ಬಂದೈತೆ ನೋಡು!" ಅಂತ ಬೆರಳಿಟ್ಟು ತೋರಿಸಿದಳು. ಅಳಿಸಿದ್ದರ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಸೆರಗು ಕತ್ತರಿಸಿ ಪ್ರಿಂಟ್ ಮಾಡಿಸಿ ಸರ್‌ಗೆ ಕೊಟ್ಟೆ. ಆ ಕತ್ತರಿಸಿದ ಪ್ರತಿ ಅಳಿಸಿ, ಮೂಲ ಫೈಲು ಒಂದನ್ನೇ ಇಟ್ಟುಕೊಂಡೆ. ಆ ವರ್ಷ ನನ್ನದು ಗೋಡೆಗೆ ಏರಿತು. ಬೆನ್ನ ಮೇಲೆ ಕೈ ಬಿತ್ತು. ಅವ್ವ ಒಬ್ಬಳೇ ಸಿಟಿ ಬಸ್ಸಿಗೆ ಬಂದು, ಯಾರೋ ಎಂಬಂತೆ ದೂರ ನಿಂತು ನೋಡಿ ಹೋದಳಂತೆ. ಸಂಜೆ ಮನೆಯಲ್ಲಿ, "ನನ್ನ ಸೆರಗು ಕಾಣ್ಲಿಲ್ಲಲ್ಲೋ. ಫ್ರೇಮಿನ ಕಟ್ಟಿಗೆ ಕೆಳಗೆ ಹೋತೇನೋ" ಅಂದಳು. "ಹೂಂ" ಅಂದೆ.

ಮರುವರ್ಷ ಅವ್ವ ಹೋದಳು. ಬೆಳಿಗ್ಗೆ ಎದೆ ನೋವು ಅಂದಳು, ಮಧ್ಯಾಹ್ನದೊಳಗೆ ಮುಗಿಯಿತು. ಹನ್ನೊಂದನೇ ದಿನಕ್ಕೆ ಫೋಟೋ ಬೇಕಲ್ಲ, ಹುಡುಕಿದೆ. ಫೋಟೋಗ್ರಾಫರ್ ಅನ್ನಿಸಿಕೊಂಡವನ ಮನೆಯಲ್ಲಿ ತಾಯಿಯದು ಆಧಾರ್ ಕಾರ್ಡಿನದು ಬಿಟ್ಟರೆ ಒಂದೂ ಇಲ್ಲ. ಸರ್ ಹತ್ತಿರ ಇದ್ದ ಆ ರೇಷ್ಮೆ ಸೀರೆಯ ಮೈ ನನ್ನ ಹತ್ತಿರವೂ ಇತ್ತು. ಆಧಾರ್ ಕಾರ್ಡಿನ ತಲೆ ಕತ್ತರಿಸಿ ಅದಕ್ಕೆ ಅಂಟಿಸಿದೆ, ಅಳುತ್ತಾ ಅಂಟಿಸಿದೆ. ಸರ್ ಬಂದಿದ್ದರು. ಹೂವು ಹಾಕಿದರು. ನನ್ನ ಪಕ್ಕ ಬಂದು ನಿಂತು, ಮೆತ್ತಗೆ, "ಕುತ್ತಿಗೆ ಹತ್ರ ಕಟಿಂಗ್ ಕಾಣ್ತೈತೆ" ಅಂದರು.

ಅಲ್ಲಿಗೆ ನಾನು ನಡಿಗೆ ಬಿಟ್ಟೆ. ದಾವಣಗೆರೆಯನ್ನೂ ಬಿಟ್ಟು ಹರಿಹರಕ್ಕೆ ಬಂದು ಈ ಸ್ಟುಡಿಯೋ ಹಾಕಿದೆ.

ಸರ್ ಹೋದ ಆರನೇ ದಿನ ಅವರ ಹೆಂಡತಿ ಬಸ್ ಹತ್ತಿ ಹರಿಹರಕ್ಕೆ ಬಂದರು. ಬಂಗಾರದಂಥ ಹೆಂಗಸು. ಗಂಡ ಬಯ್ದು ಕಳಿಸಿದವರನ್ನೆಲ್ಲ ಒಳಗೆ ಕರೆದು ಊಟಕ್ಕೆ ಹಾಕಿದವರು. ನನ್ನ ಎದುರು ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ಊರ ಜನರ ಫೋಟೋ ಮನೆ ತುಂಬ ಅದಾವಪ್ಪ. ಅವರದು ಒಂದಿಲ್ಲ. ಸಮುದ್ರದಾಗ ನೀನು ತೆಗ್ದಿದ್ಯಲ್ಲ, ಗಾಳಿಯಾಗ ನಿಂತಿದ್ದು, ಅದೊಂದೇ. ಆ ಪ್ರಿಂಟು ಗೋಡೆ ಹಸಿ ಹಿಡಿದು ಹಾಳಾತು. ನಿನ್ನ ಹತ್ರ ಇರ್ತೈತೆ ಅಂತ ಅವರೇ ಹೇಳ್ತಿದ್ರು. ಅದನ್ನೇ ದೊಡ್ಡದು ಮಾಡಿಕೊಡು, ಹನ್ನೊಂದನೇ ದಿನಕ್ಕೆ ಅದಕ್ಕೇ ಹಾರ ಹಾಕ್ತೀನಿ."

"ಆತ್ರಿ ಅಮ್ಮಾರೆ" ಅಂದೆ. ಕೊಡಬೇಕು ಅಂತಲೇ ಇದ್ದೆ, ದೇವರಾಣೆ. ಕಂಪ್ಯೂಟರ್ ತೆರೆದು ಹುಡುಕಿದೆ. ಫೋಟೋ ಬಂತು. ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿ ನಿಂತ ಸರ್, ಎಡ ಅಂಚಿನಲ್ಲಿ ಎರಡು ಬೆರಳಷ್ಟು ಹಸಿರು. ಸ್ಕ್ರೀನು ನನ್ನ ಕಡೆಗಿತ್ತು, ಅವರಿಗೆ ಕಾಣುತ್ತಿರಲಿಲ್ಲ.

ಅಮ್ಮಾರು ಮಾತು ಮುಂದುವರಿಸಿದರು. ಗಂಡನ ಗುಣ ನೆನೆಯೋ ಹೊತ್ತು ಅದು, ಅವರಿಗೆ ಇನ್ನೇನು ಬೇಕಿತ್ತು. "ಅವರ ಕಣ್ಣು ಎಂಥದಪ್ಪ! ನಿಮ್ಮವ್ವನ ಹನ್ನೊಂದನೇ ದಿನ ಮುಗಿಸಿ ಬಂದು ಹೇಳಿದ್ರು. 'ಸಮುದ್ರದಾಗ ಅವತ್ತೇ ನನಗೆ ಗೊತ್ತಾಗಿತ್ತು, ತಾಯಿ ಮಗ ಅಂತ, ಮುಖ ಒಂದೇ ಅಚ್ಚು. ಇವನು ಬಾಯಿ ಬಿಡ್ತಾನೋ ಇಲ್ಲೋ ನೋಡಾಣ ಅಂತ ಕ್ಯಾಮೆರಾ ಅವನ ಕೈಗೇ ಕೊಟ್ಟೆ, ಬಿಡ್ಲಿಲ್ಲ ನೋಡು' ಅಂದ್ರು. ಫೋಟೋ ನೋಡಿ ಮನುಷ್ಯನ್ನ ಹೇಳಿಬಿಡ್ತಿದ್ರಪ್ಪಾ."

ಗೊತ್ತಿತ್ತು. ಆ ಯಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಲವಂಗ ಕಡಿಯುತ್ತಾ ಕೂತು ನೋಡಿದ. ಗೊತ್ತಿದ್ದೂ ಅವಳ ಕೈಯ ರೊಟ್ಟಿ ತಿಂದ. ಒತ್ತಿದ ಬೆರಳು ನನ್ನದೇ, ಇಲ್ಲ ಅನ್ನಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

ಮೌಸ್ ಹಿಡಿದೆ. ಕ್ರಾಪಿನ ಚೌಕ ಎಳೆದೆ. ಸರ್ ಪೂರಾ ಹೊರಗೆ, ಎಡ ಅಂಚು ಒಳಗೆ. ಒತ್ತಿದೆ. ಮೂಲ ಫೈಲಿನ ಮೇಲೇ ಉಳಿಸಲೇ ಅಂತ ಕಂಪ್ಯೂಟರ್ ಕೇಳಿತು. ಹೌದು ಅಂತ ಒತ್ತಿದೆ.

"ಸಿಕ್ತೇನಪ್ಪಾ?" ಅಂದರು ಅಮ್ಮಾರು.

"ಇಲ್ರಿ ಅಮ್ಮಾರೆ. ಎಲ್ಲೈತೋ ಏನೋ."

ಅವರು ಪರ್ಸಿನಿಂದ ಸರ್ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಟ್ಟರು. ಅದರಲ್ಲಿನ ಮುಖ ಉಗುರಿನಷ್ಟು, ಕಪ್ಪು ಕಪ್ಪು. ಅದನ್ನು ದೊಡ್ಡದು ಮಾಡಿ ಶಲ್ಯ ಹೊದ್ದ ಆ ಮೈಗೆ ಅಂಟಿಸಿದೆ. ಕುತ್ತಿಗೆ ಹತ್ತಿರ ಕಟಿಂಗ್ ಕಾಣುತ್ತಿತ್ತು. ಸರಿ ಮಾಡೋಕೆ ಐದು ನಿಮಿಷ ಸಾಕಿತ್ತು, ಮಾಡಲಿಲ್ಲ. ಅಮ್ಮಾರು ಫ್ರೇಮನ್ನು ಕೈಯಲ್ಲಿ ಹಿಡಿದು, "ಅವರಂಗೆ ಕಾಣಲ್ಲಪ್ಪಾ" ಅಂದರು. ಆಮೇಲೆ ತಾವೇ, "ಇರ್ಲಿ ಬಿಡು, ನೀನೇನು ಮಾಡ್ತಿ" ಅಂತ ಸಮಾಧಾನ ಮಾಡಿಕೊಂಡು, ಅದನ್ನು ಟವೆಲ್ಲಿನಲ್ಲಿ ಸುತ್ತಿದರು. ಸರ್ ಹಾಸುತ್ತಿದ್ದ ಟವೆಲ್ಲೇ ಅದು.

ಹನ್ನೊಂದನೇ ದಿನ ಕಳೆದು ಈಗ ಮೂರು ತಿಂಗಳಾಯಿತು. ನನ್ನ ಸ್ಕ್ರೀನಿನ ಮೇಲೆ ಆ ಪಟ್ಟಿ ಹಾಗೇ ಇದೆ, ಎರಡು ಬೆರಳು ಅಗಲ, ಬೂದಿ ನೀರು, ಹಸಿರು ಸೆರಗಿನ ತುದಿ. ಅಮ್ಮಾರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮೊದಲು ಊಟ ಆಯಿತಾ ಅಂತ ಕೇಳುತ್ತಾರೆ. ಆಮೇಲೆ, "ಆ ಗಾಳಿ ಫೋಟೋ ಸಿಕ್ತೇನಪ್ಪಾ?" ಅಂತಾರೆ.

"ಹುಡುಕ್ತಾ ಇದೀನ್ರಿ ಅಮ್ಮಾರೆ" ಅಂತೀನಿ. ನಿನ್ನೆಯೂ ಮಾಡಿದ್ದರು.